ಜಾಮಿನ್

ನಮ್ಮ ಮನೆಯಿಂದ ಯಾರಾದರೂ ದೂರದ ಊರಿಗೆ ಹೊರಟರೆ ಅಮ್ಮಿ ಅವರ ತೋಳಿಗೆ ಇಮಾಮ್ ಜಾಮಿನ್ ಕಟ್ಟುತ್ತಿದ್ದರು. ಬಟ್ಟೆಯ ಚೂರಿನಲ್ಲಿ ಒಂದು ನಾಣ್ಯ ಸುತ್ತಿ ಕಟ್ಟಿದರೆ ಹೋದವರು ಕ್ಷೇಮವಾಗಿ ತಿರುಗಿ ಬರುತ್ತಾರೆಂಬ ನಂಬಿಕೆ. ಉರ್ದುವಿನಲ್ಲಿ ಜಾಮಿನ್ ಎಂದರೆ ಇನ್ನೊಬ್ಬರ ಹೊಣೆ ಹೊರುವ ವ್ಯಕ್ತಿ. ಅದೇ ಮಾತು ಕನ್ನಡದ ಕೋರ್ಟಿಗೆ ಬಂದು ಜಾಮೀನು ಆಯಿತು. ಮಾತನ್ನು ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತಿದ್ದೆ. ಅದರ ಅರ್ಥ ತಿಳಿದದ್ದು 2011ರಲ್ಲಿ.

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ದುಡಿಯುತ್ತಿದ್ದ ಆಪಾ ಸಂಬಂಧದಲ್ಲಿ ನನಗೆ ಅಕ್ಕ. ಗಂಡ ತೀರಿಕೊಂಡಿದ್ದರು. ಆಕೆಯ ಇಪ್ಪತ್ತು ವರ್ಷದ ಮಗನನ್ನು ನಗರ್ತಪೇಟೆಯ ಒಂದು ಸಗಟು ಸೀರೆ ಅಂಗಡಿಗೆ ನಾನೇ ಸೇರಿಸಿದ್ದೆ. ರಾತ್ರಿ ನಮ್ಮ ಮನೆಯಲ್ಲೇ ಮಲಗುತ್ತಿದ್ದ. ಒಂದು ಶನಿವಾರ ಅವನು ಬರಲಿಲ್ಲ. ಫೋನೂ ಬಂದ್. ಮಾರನೆಯ ದಿನ ಮಧ್ಯಾಹ್ನ ಪಕ್ಕದಂಗಡಿಯ ಹುಡುಗ ಬಂದು, ಎರಡು ಕಟ್ಟು ಸೀರೆ ಕಡಿಮೆ ಬಂದಿವೆಯೆಂದು ಯಜಮಾನರು ದೂರು ಕೊಟ್ಟಿದ್ದಾರೆಂದ. ಯಜಮಾನರು ನಮ್ಮವರೇ, ಹಜ್ ಮಾಡಿ ಬಂದವರು. ಆದ್ದರಿಂದ ಇದನ್ನು ಹಿಂದೂ-ಮುಸ್ಲಿಂ ಕಥೆಯಾಗಿ ಬರೆಯುವ ಅನುಕೂಲ ನನಗಿಲ್ಲ.

ನಾನು ಠಾಣೆ ತಲುಪುವ ಹೊತ್ತಿಗೆ ಹುಡುಗನನ್ನು ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಿ ಆಗಿತ್ತು. ಹದಿನಾಲ್ಕು ದಿನ ನ್ಯಾಯಾಂಗ ಬಂಧನ, ಪರಪ್ಪನ ಅಗ್ರಹಾರ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಅವರು ತಮಗೆ ಬೇಕಾದ ವಕೀಲರನ್ನು ಕಾಣಬಹುದು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಬಂಧನದ ಸುದ್ದಿಯನ್ನು ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿತ್ತು. ಇದೊಂದೂ ನನಗೆ ಗೊತ್ತಿರಲಿಲ್ಲ. ನನ್ನ ಮೂರು ಕಥೆಗಳಲ್ಲಿ ಕೋರ್ಟಿನ ದೃಶ್ಯಗಳಿವೆ. ಅವೆಲ್ಲ ಸಿನಿಮಾ ನೋಡಿ ಬರೆದವು.

ಸೋಮವಾರ ವಕೀಲರನ್ನು ಹುಡುಕಲು ಹೊರಟೆ. ಮೊದಲು ಸಿಕ್ಕವರು ಎಫ್‌ಐಆರ್ ಕೇಳಲಿಲ್ಲ, ಸೆಕ್ಷನ್ ಕೇಳಲಿಲ್ಲ. ‘ನಾಳೆಯೇ ಬಿಡಿಸ್ತೀನಿ, ಇಪ್ಪತ್ತೈದು ಸಾವಿರ ಇಟ್ಟುಹೋಗಿ’ ಎಂದರು. ಆ ಧೈರ್ಯ ನೋಡಿ ನನಗೇ ಭಯವಾಯಿತು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ ಪ್ರತಿ ಕೊಂಡೆ. ನನ್ನ ಪೇಚಾಟ ಕೇಳಿದ ಅಂಗಡಿಯವರು ತಮ್ಮ ಗಿರಾಕಿಯಾದ ಒಬ್ಬ ವಕೀಲೆಯ ವಿಳಾಸ ಬರೆದುಕೊಟ್ಟರು. ಆಕೆ ಮೊದಲು ಕೇಳಿದ್ದು ಎಫ್‌ಐಆರ್ ಪ್ರತಿ. ‘ಕೆಲಸದಾಳು ಮಾಡಿದ ಕಳವು ಅಂತ ಹಾಕಿದ್ದಾರೆ. ಗರಿಷ್ಠ ಏಳು ವರ್ಷ, ಜಾಮೀನುರಹಿತ’ ಎಂದರು.

‘ಹಾಗಾದರೆ ಜಾಮೀನೇ ಸಿಗೋದಿಲ್ವಾ ಮೇಡಂ?’ ಎಂದು ಕೇಳಿದೆ.

ಆಕೆ ನಕ್ಕರು. ಈ ಕನ್ನಡ ಶಬ್ದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತದಂತೆ ಮಾಡಿದೆಯಂತೆ. ಜಾಮೀನು ಸಿಗುವ ಅಪರಾಧವಾದರೆ ಅದು ಹಕ್ಕು, ಠಾಣೆಯಲ್ಲೇ ಕೊಡಬೇಕು. ಜಾಮೀನುರಹಿತ ಎಂದರೆ ಕೊಡುವುದೂ ಬಿಡುವುದೂ ನ್ಯಾಯಾಧೀಶರ ವಿವೇಚನೆ, ಅಷ್ಟೇ. ಓಡಿಹೋಗುತ್ತಾನೆಯೇ, ಸಾಕ್ಷಿಗಳನ್ನು ಹೆದರಿಸುತ್ತಾನೆಯೇ, ಹಿಂದೆ ಕೇಸುಗಳಿವೆಯೇ ಎಂದೆಲ್ಲ ಅವರು ನೋಡುತ್ತಾರೆ. ತನಿಖೆ ಮುಗಿಸಿ 60 ದಿನದೊಳಗೆ, ದೊಡ್ಡ ಅಪರಾಧವಾದರೆ 90 ದಿನದೊಳಗೆ, ಪೊಲೀಸರು ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಮತ್ತೆ ಹಕ್ಕಾಗುತ್ತದೆ. ‘ಸಿಗುತ್ತೆ ಅಂತ ಮಾತು ಕೊಡಲ್ಲ, ಪ್ರಯತ್ನ ಮಾಡ್ತೀನಿ’ ಎಂದ ಆಕೆಗೇ ವಕಾಲತ್ತು ಕೊಟ್ಟೆವು. ಹುಡುಗನ ಸಹಿ ಜೈಲಿನಿಂದ ಬಂತು. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯಲ್ಲೇ ಇದೆ. ಈಗ 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ.

ಮುಂದಿನ ಸೋಮವಾರ ಜಾಮೀನು ಮಂಜೂರಾಯಿತು. 25 ಸಾವಿರದ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬರ ಭದ್ರತೆ. ಆಪಾಗೆ ಫೋನ್ ಮಾಡಿದೆ. ಮಂಗಳವಾರ ಬೆಳಿಗ್ಗೆಯೇ ಶಿಡ್ಲಘಟ್ಟದ ಮನೆಯ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಸ್ಸಿಳಿದಳು. ಕೋರ್ಟಿನಲ್ಲಿ ಅದು ನಡೆಯಲಿಲ್ಲ. ಹೊರ ಜಿಲ್ಲೆಯ ಆಸ್ತಿ ಬೇಡ, ಇಲ್ಲಿಯವರೇ ಬೇಕು ಎಂದಾಯಿತು. ಬಾಗಿಲಲ್ಲಿ ನಿಂತಿದ್ದವನೊಬ್ಬ ಪಿಸುಗುಟ್ಟಿದ: ‘ಐದು ಸಾವಿರ ಕೊಡಿ, ಪಹಣಿ ಸಮೇತ ಆಳು ಕೊಡಿಸ್ತೀನಿ.’ ವಕೀಲೆ ಅವನನ್ನು ಗದರಿಸಿ ಕಳಿಸಿದರು. ಆಮೇಲೆ ನನ್ನತ್ತ ತಿರುಗಿ, ‘ಇದು ತಪ್ಪು ಅಂತ ವಾದ ಮಾಡಬಹುದು. ಅಲ್ಲಿತನಕ ಹುಡುಗ ಒಳಗಿರಬೇಕು. ಈ ಊರಲ್ಲಿ ಸ್ವಂತ ಮನೆ ಇರೋರು ನಿಮಗೆ ಯಾರೂ ಗೊತ್ತಿಲ್ವಾ?’ ಎಂದರು.

ಅಬ್ಬಾ ಬಿಟ್ಟುಹೋದ ಎರಡು ಕೋಣೆಯ ಮನೆಯ ಖಾತೆ ನನ್ನ ಹೆಸರಿನಲ್ಲೇ ಇತ್ತು. ಕಂದಾಯದ ರಸೀದಿ ಬೀರುವಿನಲ್ಲಿತ್ತು. ‘ವಿಚಾರಿಸ್ತೀನಿ ಮೇಡಂ’ ಎಂದೆ.

ಆ ವಾರ ಎಷ್ಟೋ ಜನರನ್ನು ವಿಚಾರಿಸಿದೆ. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಸರ್ಕಾರಿ ನೌಕರಿ, ಒಬ್ಬರಿಗೆ ಹೆಂಡತಿಯ ಒಪ್ಪಿಗೆಯಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಬರುತ್ತಿದ್ದೆ. ನನ್ನ ಬೀರುವಿನ ಮಾತು ನಾನೂ ಎತ್ತಲಿಲ್ಲ, ಆಪಾಳೂ ಎತ್ತಲಿಲ್ಲ.

ನನ್ನೊಳಗಿನ ಭಯಕ್ಕೆ ನೆಪ ಬೇಕಾಗಿತ್ತು. 2007ರ ಜುಲೈ ನೆನಪಾಗುತ್ತಿತ್ತು. ಬೆಂಗಳೂರಿನ ಡಾ. ಮೊಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದ್ದರು. ಅಲ್ಲಿನ ಮ್ಯಾಜಿಸ್ಟ್ರೇಟರು 16ರಂದು 10 ಸಾವಿರ ಡಾಲರ್ ಭದ್ರತೆಯ ಮೇಲೆ ಜಾಮೀನು ಕೊಟ್ಟರೆ, ಸರ್ಕಾರ ಅದೇ ದಿನ ವೀಸಾ ರದ್ದು ಮಾಡಿ ಅವರನ್ನು ಒಳಗೇ ಉಳಿಸಿತು. 27ರಂದು ಆರೋಪವನ್ನೇ ಕೈಬಿಡಲಾಯಿತು. 2010ರಲ್ಲಿ ಪರಿಹಾರವೂ ಸಿಕ್ಕಿತು. ಆದರೆ ಆ ಜುಲೈನಲ್ಲಿ ನಮ್ಮ ಗಲ್ಲಿಯ ಚಹಾ ಅಂಗಡಿಗಳಲ್ಲಿ ದನಿಗಳು ತಗ್ಗಿದ್ದವು. ‘ನಮಗ್ಯಾಕೆ’ ಎನ್ನುವುದು ಆಗ ಕಲಿತ ಪಾಠ. ಆ ದೊಡ್ಡ ಭಯವನ್ನು ಎರಡು ಕಟ್ಟು ಸೀರೆಯ ಕೇಸಿಗೂ ಹೊದಿಸಿ ನಾನು ಸುಮ್ಮನಿದ್ದೆ.

ಗುರುವಾರ ರಾತ್ರಿ ವಕೀಲೆಗೆ ಫೋನ್ ಮಾಡಿ, ‘ಭದ್ರತೆ ಕೊಟ್ಟವರ ಮನೆ ಹೋಗುತ್ತಾ ಮೇಡಂ?’ ಎಂದು ಕೇಳಿದೆ. ಹುಡುಗ ತಪ್ಪು ಮಾಡಿಲ್ಲವೆಂದು ನೀವು ಪ್ರಮಾಣ ಮಾಡುತ್ತಿಲ್ಲ, ಕರೆದಾಗ ಕೋರ್ಟಿಗೆ ಬರುತ್ತಾನೆಂದಷ್ಟೇ ಹೇಳುತ್ತಿದ್ದೀರಿ ಎಂದರು. ಅವನಿಗೆ ಶಿಕ್ಷೆಯಾದರೂ ನಿಮಗೇನಿಲ್ಲ. ತಲೆಮರೆಸಿಕೊಂಡರೆ ಬರೆದುಕೊಟ್ಟ ಮೊತ್ತದ ಮಟ್ಟಿಗೆ ಹೊಣೆ. ಮುಂದೆ ಬೇಡವೆನಿಸಿದರೆ ಹೊಣೆಯಿಂದ ಬಿಡಿಸಿ ಎಂದು ಅರ್ಜಿ ಹಾಕಬಹುದು. ಹತ್ತು ನಿಮಿಷದ ಮಾತು. ಸೋಮವಾರವೇ ಕೇಳಬಹುದಿತ್ತು.

ಶುಕ್ರವಾರ ಬೆಳಿಗ್ಗೆ ಹೊರಡುವಾಗ ಆಪಾ ನನ್ನ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದಳು. ‘ನಾನೆಲ್ಲಿ ಊರಿಗೆ ಹೋಗ್ತಿದ್ದೀನಿ ಆಪಾ?’ ಎಂದೆ. ‘ನನ್ನ ಮಗನ ಕೆಲಸಕ್ಕೆ ಹೋಗ್ತಿದ್ದೀಯಲ್ಲ’ ಎಂದಳು. ಬೀರುವಿನ ಬಾಗಿಲು ತೆರೆದೆ.

ಅಂದು ಸಂಜೆ ಹುಡುಗ ಹೊರಗೆ ಬಂದ. ಕೇಸು ನಾಲ್ಕು ವರ್ಷ ಎಳೆದು, ಸಾಕ್ಷ್ಯವಿಲ್ಲವೆಂದು 2015ರಲ್ಲಿ ಖುಲಾಸೆಯಾಯಿತು. ಒಂದು ತಾರೀಕನ್ನೂ ಅವನು ತಪ್ಪಿಸಲಿಲ್ಲ.

ಆಮೇಲೆ ಮೋತಿರಾಮನ ತೀರ್ಪು ಓದಿದೆ. ಮಧ್ಯಪ್ರದೇಶದ ಗಾರೆ ಕೆಲಸದವನಾದ ಅವನಿಗೆ 10 ಸಾವಿರ ರೂಪಾಯಿಯ ಭದ್ರತೆ ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಅಲ್ಲಿನ ಮ್ಯಾಜಿಸ್ಟ್ರೇಟರು ನಿರಾಕರಿಸಿದ್ದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಪ್ಪೆಂದು ಹೇಳಿ, 1 ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಠದಿಂದ ಬಿಡುಗಡೆ ತಡವಾಗುತ್ತಿದೆ ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಹೇಳಬೇಕಾಯಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣವಿಲ್ಲದೆ ಬಂಧಿಸಬೇಡಿ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಈಗ 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ. ಸೆಕ್ಷನ್ನುಗಳ ಸಂಖ್ಯೆ ಬದಲಾದರೂ ಈ ತತ್ವಗಳು ಉಳಿದಿವೆ.

ಕಾನೂನಿನ ತಪ್ಪನ್ನು ಕಾನೂನೇ ತಿದ್ದಿಕೊಳ್ಳಲಿ. ನನ್ನ ಲೆಕ್ಕ ಬೇರೆ ಇದೆ. ಹುಡುಗ ಸೆರೆಯಲ್ಲಿದ್ದದ್ದು ಹದಿಮೂರು ರಾತ್ರಿ. ಅದರಲ್ಲಿ ಒಂಬತ್ತನ್ನು ಪೊಲೀಸು, ಕೋರ್ಟು, ಯಜಮಾನರು ಹಂಚಿಕೊಳ್ಳಲಿ. ಕೊನೆಯ ನಾಲ್ಕು ನನ್ನವು. ಅವನಿಗೆ ಅದು ಇಂದಿಗೂ ಗೊತ್ತಿಲ್ಲ. ಈದ್‌ಗೆ ಬಂದಾಗಲೆಲ್ಲ ‘ಮಾಮೂ, ಅವತ್ತು ನೀವಿಲ್ಲದಿದ್ದರೆ’ ಎಂದು ಕೈ ಹಿಡಿದುಕೊಳ್ಳುತ್ತಾನೆ. ಇದನ್ನು ಅವನು ಓದಲೆಂದೇ ಬರೆಯುತ್ತಿದ್ದೇನೆ.