ಅಪ್ಪ ಹಾಕಿದ್ದ ಟಿಕೆಟ್

ನಮ್ಮ ಕೆಲಸದಲ್ಲಿ ಬೇಡದ ಬಗ್ ಒಂದನ್ನು ತಲೆಯಿಂದ ಇಳಿಸಿಕೊಳ್ಳೋಕೆ ಸುಲಭದ ದಾರಿ ಒಂದಿದೆ. ಟಿಕೆಟ್ ತೆರೆದು ‘ಕೆನಾಟ್ ರಿಪ್ರೊಡ್ಯೂಸ್’ ಅಂತ ಬರೆದು ಕ್ಲೋಸ್ ಮಾಡೋದು. ಶುಕ್ರವಾರ ಸಂಜೆ ಐದರ ಮೇಲೆ ನಾನೂ ಇದನ್ನು ಮಾಡಿದ್ದೇನೆ, ನೀವೂ ಮಾಡಿರುತ್ತೀರಿ. ಇವತ್ತು ಎರಡು ಟಿಕೆಟ್‌ಗಳ ಕಥೆ ಹೇಳಬೇಕು. ಒಂದನ್ನು ಯಾರೋ ಕ್ಲೋಸ್ ಮಾಡದೆ ಉಳಿಸಿಕೊಂಡರು. ಇನ್ನೊಂದನ್ನು ನಾನು ಕ್ಲೋಸ್ ಮಾಡಿದೆ.

ಮೊದಲನೆಯದು ಒಂದು ಹೂವಿನದು. ಚಳಿಗಾಲದಲ್ಲಿ ಬೆಂಗಳೂರಿನ ನರ್ಸರಿಗಳಲ್ಲಿ ಕುಂಡದ ತುಂಬ ಅರಳಿರುತ್ತಲ್ಲ, ಪೆಟೂನಿಯಾ, ಅದರದ್ದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಜಾರ್ಗೆನ್ಸನ್, ಕ್ಯಾರೊಲಿನ್ ನಪೋಲಿ ಮತ್ತು ಜೊತೆಗಾರರು ಈ ನೇರಳೆ ಹೂವಿನ ಮೇಲೆ ಕೆಲಸ ಮಾಡ್ತಿದ್ರು. ಹೂವಿಗೆ ಬಣ್ಣ ಬರೋಕೆ ಕಾರಣವಾದ ಜೀನ್ ಯಾವುದು ಅಂತ ಗೊತ್ತಿತ್ತು. ಅದರದ್ದೇ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರೆ ಬಣ್ಣ ಇನ್ನೂ ಗಾಢವಾಗಬೇಕು. ಲೆಕ್ಕ ಸರಿಯಾಗೇ ಇತ್ತು. ಆದರೆ ಜೀನ್ ಸೇರಿಸಿದ ಗಿಡಗಳಲ್ಲಿ ಶೇ. 42ರಷ್ಟು ಗಿಡಗಳು ಅಚ್ಚ ಬಿಳಿ ಹೂವನ್ನೋ, ನೇರಳೆ ನಡುವೆ ಬಿಳಿ ಪಟ್ಟೆ ಬಿದ್ದ ಹೂವನ್ನೋ ಬಿಟ್ಟವು. ಸಕ್ಕರೆ ಜಾಸ್ತಿ ಹಾಕಿದ್ದಕ್ಕೆ ಕಾಫಿ ಸಪ್ಪೆಯಾದ ಹಾಗೆ.

ಇಲ್ಲಿ ಆರ್‌ಎನ್‌ಎ ಅಂದ್ರೆ ಏನು ಅಂತ ಒಂದು ಮಾತು. ಡಿಎನ್‌ಎ ಅನ್ನೋದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರೋ ಮೂಲ ದಾಖಲೆ ಅಂದ್ಕೊಳ್ಳಿ. ಅದನ್ನು ಯಾರೂ ಹೊರಗೆ ತೆಗೆದುಕೊಂಡು ಹೋಗಲ್ಲ. ಬೇಕಾದ ಪುಟದ ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಕೆಲಸ ಮಾಡಿಸ್ತಾರೆ. ಆ ಜೆರಾಕ್ಸೇ ಆರ್‌ಎನ್‌ಎ. ಜೀವಕೋಶ ಅದನ್ನು ಓದಿ ಪ್ರೋಟೀನ್ ತಯಾರಿಸುತ್ತೆ. ಬಿಳಿ ಹೂವಿನೊಳಗೆ ನೋಡಿದಾಗ ಆ ಬಣ್ಣದ ಜೀನಿನ ಆರ್‌ಎನ್‌ಎ ಸುಮಾರು 50 ಪಟ್ಟು ಕಡಿಮೆಯಾಗಿತ್ತು. ಹೊಸದಾಗಿ ಸೇರಿಸಿದ್ದೂ ಸುಮ್ಮನಾಗಿತ್ತು, ಗಿಡದ್ದೇ ಸ್ವಂತ ಜೀನೂ ಸುಮ್ಮನಾಗಿತ್ತು. ಮೂಲ ದಾಖಲೆ ಭದ್ರವಾಗಿದೆ, ಜೆರಾಕ್ಸ್‌ಗಳನ್ನು ಮಾತ್ರ ಯಾರೋ ಹರಿದು ಹಾಕ್ತಿದ್ದಾರೆ!

ಯಾರು? ಗೊತ್ತಿರಲಿಲ್ಲ. ಆದರೂ 1990ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಇನ್ನೊಂದು ತಂಡಕ್ಕೂ ಪೆಟೂನಿಯಾದಲ್ಲಿ ಇದೇ ಕಾಣಿಸಿತು. ಎಕ್ಸ್‌ಪೆರಿಮೆಂಟ್ ಕೆಟ್ಟಿತು ಅಂತ ಗಿಡಗಳನ್ನು ತಿಪ್ಪೆಗೆ ಎಸೆದಿದ್ದರೆ ಯಾರೂ ಕೇಳ್ತಿರಲಿಲ್ಲ. ಅವರು ಎಸೆಯಲಿಲ್ಲ. ‘ಹೀಗಾಗಿದೆ, ಯಾಕೆ ಅಂತ ಗೊತ್ತಿಲ್ಲ’ ಅಂತ ಟಿಕೆಟನ್ನು ತೆರೆದೇ ಇಟ್ಟರು.

ಉತ್ತರ ಬಂದದ್ದು ಗಿಡದಿಂದಲ್ಲ, ಒಂದು ಮಿಲಿಮೀಟರ್ ಉದ್ದದ ಹುಳದಿಂದ. ಸೀ. ಎಲೆಗನ್ಸ್ ಅನ್ನೋ ಆ ಹುಳದಲ್ಲಿ ಜೀನ್‌ಗಳನ್ನು ಸುಮ್ಮನಾಗಿಸೋಕೆ ಆರ್‌ಎನ್‌ಎ ಚುಚ್ಚೋ ಅಭ್ಯಾಸ ಇತ್ತು. ಆದರೆ ಕೆಲಸ ಮಾಡಬಾರದ ಆರ್‌ಎನ್‌ಎ ಕೂಡ ಕೆಲಸ ಮಾಡ್ತಿತ್ತು, ಯಾಕೆ ಅಂತ ಅರ್ಥವಾಗ್ತಿರಲಿಲ್ಲ. 1998ರಲ್ಲಿ ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಸಂಗಡಿಗರು ಕಾರಣ ತೋರಿಸಿದರು. ಆರ್‌ಎನ್‌ಎ ಸಾಮಾನ್ಯವಾಗಿ ಒಂಟಿ ಎಳೆ. ಅದು ಜೋಡಿ ಎಳೆಯಾಗಿ ಸಿಕ್ಕರೆ ಜೀವಕೋಶಕ್ಕೆ ಅನುಮಾನ ಬರುತ್ತೆ. ಎಷ್ಟೋ ವೈರಸ್‌ಗಳು ತಮ್ಮ ಪ್ರತಿ ಮಾಡಿಕೊಳ್ಳುವಾಗ ಇಂಥ ಜೋಡಿ ಎಳೆ ಉಂಟಾಗುತ್ತೆ. ಜೀವಕೋಶ ಅದನ್ನು 20–25 ಅಕ್ಷರದ ಚೂರುಗಳಾಗಿ ಕತ್ತರಿಸುತ್ತೆ. ಆಮೇಲೆ ಆ ಚೂರನ್ನು ಪೊಲೀಸ್ ಸ್ಟೇಷನ್ ಗೋಡೆಯ ಫೋಟೋ ಥರ ಇಟ್ಟುಕೊಂಡು, ಹೋಲಿಕೆಯಾಗುವ ಆರ್‌ಎನ್‌ಎ ಎಲ್ಲಿ ಸಿಕ್ಕರೂ ತುಂಡು ಮಾಡುತ್ತೆ. ಪೆಟೂನಿಯಾದಲ್ಲಿ ಆಗಿದ್ದೂ ಇದೇ. ಹೆಚ್ಚುವರಿ ಜೀನ್ ನೋಡಿ ಗಿಡ ತನ್ನ ಬಣ್ಣವನ್ನೇ ಕಳ್ಳ ಅಂತ ತಿಳಿದುಬಿಟ್ಟಿತ್ತು.

ಮುಂದಿನದು ಬೇಗ ಬೇಗ ನಡೆಯಿತು. 1999ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೌಲ್‌ಕೂಮ್ ಗಿಡಗಳೊಳಗೆ ಆ ಚೂರುಗಳನ್ನು ಕಂಡರು. 2001ರಲ್ಲಿ ಮನುಷ್ಯನ ಜೀವಕೋಶದಲ್ಲೂ ಇದೇ ಉಪಾಯ ನಡೆಯುತ್ತೆ ಅಂತ ಗೊತ್ತಾಯಿತು. 2006ರಲ್ಲಿ ಫೈರ್ ಮತ್ತು ಮೆಲ್ಲೊಗೆ ನೊಬೆಲ್ ಬಂತು. 2018ರಲ್ಲಿ ಇದೇ ತತ್ವದ ಮೊದಲ ಔಷಧ ಪಟಿಸಿರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ವಂಶವಾಹಿಯಾಗಿ ಬರುವ ಒಂದು ಅಪರೂಪದ ಕಾಯಿಲೆಯಲ್ಲಿ, ಲಿವರ್ ತಯಾರಿಸುವ ಕೆಟ್ಟ ಪ್ರೋಟೀನ್ ನರಗಳಲ್ಲಿ ಜಮಾ ಆಗುತ್ತೆ. ಈ ಔಷಧ ಲಿವರಿಗೆ ಹೋಗಿ ಆ ಪ್ರೋಟೀನಿನ ಜೆರಾಕ್ಸನ್ನೇ ಹರಿಯುತ್ತೆ. ಹೂವಿನ ಬಿಳುಪಿನಿಂದ ಮನುಷ್ಯನ ಲಿವರ್‌ವರೆಗೆ 28 ವರ್ಷ.

ಇದನ್ನೆಲ್ಲ ನಾನು ಓದೋಕೆ ಹೋಗಿದ್ದು ವಿಜ್ಞಾನದ ಆಸೆಯಿಂದಲ್ಲ. ಎರಡನೇ ಟಿಕೆಟ್‌ನಿಂದ.

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಒಂದೂವರೆ ಎಕರೆಗೆ ಪರಂಗಿ ಹಾಕಿದ್ರು. ಸೊಸೈಟಿ ಸಾಲ, ಸಾವಿರದ ಐನೂರು ಗಿಡ. ಕಾಯಿ ಹಿಡಿಯೋ ಹೊತ್ತಿಗೆ ಎಲೆ ಹಳದಿ ತಿರುಗಿ, ದಾರದ ಹಾಗೆ ಸಣ್ಣಗಾಯಿತು. ಕಾಯಿಯ ಮೇಲೆ ಉಂಗುರ ಒತ್ತಿದಂಥ ಗುರುತು. ಉಂಗುರ ಚುಕ್ಕೆ ರೋಗ. ಅದು ಬರೋದು ಆರ್‌ಎನ್‌ಎ ವೈರಸ್‌ನಿಂದ ಅಂತ ನನಗೆ ಆಗ ಗೊತ್ತಿರಲಿಲ್ಲ, ಔಷಧಿ ಇಲ್ಲ ಅನ್ನೋದಷ್ಟೇ ಗೊತ್ತಾಯಿತು. ರಜಕ್ಕೆ ಊರಿಗೆ ಹೋದಾಗ ಅಪ್ಪ ನನ್ನನ್ನು ತೋಟಕ್ಕೆ ಕರ್ಕೊಂಡು ಹೋದ್ರು. ಒಂದು ಬದಿಯಲ್ಲಿ ಪಕ್ಕದವರ ಮುಸುಕಿನ ಜೋಳ ಆಳೆತ್ತರ ನಿಂತಿತ್ತು.

“ಜೋಳದ ಪಕ್ಕದ ಸಾಲು ನೋಡೋ, ಇನ್ನೂ ಹಸ್ರಾಗೈತೆ. ಆ ಕಡೇವು ಎಲ್ಲಾ ಹೋದ್ವು. ಮುಂದಿನ ಸಲ ಸುತ್ತ ನಾವೇ ಜೋಳ ಹಾಕಿ ನೋಡಾಣ ಅಂತಿದೀನಿ.”

“ಸುಮ್ನಿರಪ್ಪ. ಎರಡು ಸಾಲು ನೋಡಿ ಹಂಗೆಲ್ಲ ಹೇಳಕ್ಕಾಗಲ್ಲ. ರೋಗಕ್ಕೂ ಜೋಳಕ್ಕೂ ಏನ್ ಸಂಬಂಧ?”

ಆ ಸೆಮಿಸ್ಟರ್ ನಮಗೆ ಪ್ರಾಬಬಿಲಿಟಿ ಇತ್ತು. ಅಪ್ಪ ಮರುಮಾತಾಡಲಿಲ್ಲ. ಓದಿದ ಮಗ ಹೇಳಿದ ಮೇಲೆ ಮುಗೀತು. ಗಿಡ ಕಿತ್ತು ಸುಟ್ಟರು. ಮೂರನೇ ವರ್ಷದ ನನ್ನ ಫೀಸಿಗೆ ಎರಡು ಹಸು ಹೋದವು. ಪರಂಗಿಯನ್ನು ಅವರು ಮತ್ತೆ ಹಾಕಲೇ ಇಲ್ಲ.

ಹೋದ ವರ್ಷ ಆಫೀಸಿನ ಕ್ಯಾಂಟೀನಲ್ಲಿ ಪರಂಗಿ ಹಣ್ಣು ತಿಂತಾ ಸುಮ್ಮನೆ ಆ ರೋಗದ ಹೆಸರು ಸರ್ಚ್ ಮಾಡಿದೆ. ಮೊದಲು ಸಿಕ್ಕಿದ್ದು ಹವಾಯಿ ಕಥೆ. 1992ರಲ್ಲಿ ಅಲ್ಲಿನ ಪೂನಾ ಅನ್ನೋ ಪ್ರದೇಶದ ಪಪ್ಪಾಯ ತೋಟಗಳಿಗೆ ಇದೇ ವೈರಸ್ ನುಗ್ಗಿತು. ಹವಾಯಿಯಲ್ಲೇ ಹುಟ್ಟಿ ಬೆಳೆದ ವಿಜ್ಞಾನಿ ಡೆನ್ನಿಸ್ ಗೊನ್ಸಾಲ್ವಿಸ್ ಮತ್ತು ತಂಡ ವೈರಸ್‌ನ ಹೊದಿಕೆಯ ಜೀನನ್ನೇ ಗಿಡಕ್ಕೆ ಸೇರಿಸಿದ್ದರು. ಅದರಿಂದ ಬಂದ ‘ರೈನ್‌ಬೋ’ ತಳಿಯ ಬೀಜ 1998ರಲ್ಲಿ ರೈತರ ಕೈಸೇರಿತು, ತೋಟಗಳು ಉಳಿದವು. ಆ ಪ್ರಯತ್ನ ಶುರುವಾದಾಗ ಗಿಡವನ್ನು ಕಾಯೋದು ವೈರಸ್‌ನ ಪ್ರೋಟೀನ್ ಅನ್ನೋ ಎಣಿಕೆ ಇತ್ತು. ನಿಜವಾಗಿ ಕಾಯೋದು ಆರ್‌ಎನ್‌ಎ ಅಂತ ಆಮೇಲೆ ತಿಳಿಯಿತು. ವೈರಸ್ ಬರೋಕೆ ಮುಂಚೆಯೇ ಗಿಡದ ಗೋಡೆ ಮೇಲೆ ಅದರ ಫೋಟೋ ಅಂಟಿಸಿದ ಹಾಗೆ. ಪೆಟೂನಿಯಾಕ್ಕೆ ಬಣ್ಣ ಕಳೆದ ಅದೇ ಉಪಾಯ. ನಮ್ಮಲ್ಲಿ ಆ ಕುಲಾಂತರಿ ಪಪ್ಪಾಯ ಬೆಳೆಯಲು ಅನುಮತಿ ಇಲ್ಲ, ಆ ಚರ್ಚೆ ಬೇರೆ.

ಮುಂದೆ ಓದ್ತಾ ಹೋದೆ. ಈ ವೈರಸ್ ಗಿಡದಿಂದ ಗಿಡಕ್ಕೆ ಹೋಗೋದು ಹೇನಿನಿಂದ. ಹೇನು ಅದನ್ನು ತನ್ನ ಮೂತಿಯಲ್ಲಿ ಸ್ವಲ್ಪ ಹೊತ್ತು ಮಾತ್ರ ಹೊತ್ತಿರುತ್ತೆ. ದಾರಿಯಲ್ಲಿ ಬೇರೆ ಬೆಳೆಯ ಎಲೆಗೆ ಒಮ್ಮೆ ಚುಚ್ಚಿ ನೋಡಿದರೆ ಅಂಟಿದ್ದ ವೈರಸ್ ಅಲ್ಲೇ ಒರೆಸಿಹೋಗುತ್ತೆ. ಹಾಗಾಗಿ ಪಪ್ಪಾಯ ತೋಟದ ಸುತ್ತ ಎತ್ತರದ ಬೇಲಿ ಬೆಳೆ ಹಾಕಿ ಅಂತ ಕೃಷಿ ವಿಜ್ಞಾನಿಗಳು ಸಲಹೆ ಕೊಡ್ತಾರೆ. ಯಾವ ಬೆಳೆ? ಜೋಳ, ಮುಸುಕಿನ ಜೋಳ.

ಚಮಚ ಕೆಳಗಿಟ್ಟೆ.

ಬೇಲಿ ಬೆಳೆ ರೋಗವನ್ನು ಪೂರ್ತಿ ತಡೆಯಲ್ಲ, ತಡವಾಗಿ ಬರೋ ಹಾಗೆ ಮಾಡಬಹುದು ಅಷ್ಟೆ. ಅಪ್ಪ ಮತ್ತೆ ಹಾಕಿದ್ದರೆ ಲಾಭ ಆಗ್ತಿತ್ತು ಅಂತ ನಾನು ಹೇಳ್ತಿಲ್ಲ. ಎರಡು ಸಾಲು ನೋಡಿ ತೀರ್ಮಾನ ಮಾಡಬಾರದು ಅಂದ ನನ್ನ ಮಾತೂ ತಪ್ಪಲ್ಲ. ಆದರೆ ಅಪ್ಪ ತೀರ್ಮಾನ ಮಾಡಿರಲಿಲ್ಲ, ‘ಹಾಕಿ ನೋಡಾಣ’ ಅಂದಿದ್ದರು. ತೀರ್ಮಾನ ಮಾಡಿದ್ದು ನಾನು. ನಪೋಲಿ, ಜಾರ್ಗೆನ್ಸನ್‌ಗೂ ಕಾರಣ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು, ಮುಂದಿನ ಪರೀಕ್ಷೆ ಏನು ಅಂತಲೂ ಹೇಳಿದ್ದರು. ಅದಕ್ಕಿಂತ ಒಳ್ಳೆ ಬಗ್ ರಿಪೋರ್ಟ್ ನನಗೆ ಆಫೀಸಲ್ಲೂ ಸಿಗೋದು ಅಪರೂಪ.

ಸಂಜೆ ಫೋನ್ ಮಾಡಿದೆ. ಹೇನು, ಮೂತಿ, ಜೋಳ ಎಲ್ಲ ಹೇಳಿ, “ನೀನು ಹೇಳಿದ್ದೇ ಸರಿ ಇತ್ತಪ್ಪ, ನಾನೇ ಸುಮ್ನೆ ಬಾಯಿ ಹಾಕಿದೆ” ಅಂದೆ.

ಅಪ್ಪ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, “ಅದು ಆಗೋಯ್ತು ಬಿಡು. ಈಗ ಬಾವಿ ಪಕ್ಕದ ನಾಲ್ಕು ಅಡಿಕೆ ಗಿಡ ಸುಳಿ ಹಳದಿ ಆಗೈತೆ, ಮಿಕ್ಕಿದ್ದು ಚೆನ್ನಾಗೈತೆ. ಯಾಕೆ ಅಂತ ಗೊತ್ತಾಯ್ತಿಲ್ಲ” ಅಂದರು.

“ಫೋಟೋ ಕಳ್ಸಪ್ಪ. ಬಾವಿ ಪಕ್ಕದ್ದೂ ಕಳ್ಸು, ಚೆನ್ನಾಗಿರೋದೂ ಕಳ್ಸು” ಅಂದೆ. ಈ ಭಾನುವಾರ ಊರಿಗೆ ಹೊರಟಿದ್ದೇನೆ.