ಒಂದೂವರೆ ಗಂಟೆಯ ದಾರಿ

ಸೈಪ್ರಸ್ಸಿನ ಲಾರ್ನಾಕಾದಿಂದ ಇಸ್ತಾಂಬುಲಿಗೆ ನೇರವಾಗಿ ಸುಮಾರು 830 ಕಿಲೋಮೀಟರು. ವಿಮಾನಕ್ಕೆ ಒಂದೂವರೆ ಗಂಟೆಯ ದಾರಿ. ಆದರೆ ನೇರ ವಿಮಾನವಿಲ್ಲ. ಸೈಪ್ರಸ್ಸಿನಲ್ಲಿ ನೋಂದಣಿಯಾದ ವಿಮಾನಗಳಿಗೆ ತುರ್ಕಿಯ ಆಕಾಶವೇ ಮುಚ್ಚಿದೆ. ನಾವು ಅಥೆನ್ಸ್ ಸುತ್ತಿ ಹೋದೆವು: ಮೊದಲು ಪಶ್ಚಿಮಕ್ಕೆ ಸುಮಾರು 920 ಕಿಲೋಮೀಟರು, ಆಮೇಲೆ ಈಶಾನ್ಯಕ್ಕೆ 550. ನಡುವೆ ಕಾಯುವುದು ಬೇರೆ. ದಿನದ ಅರ್ಧ ಅದಕ್ಕೇ ಹೋಯಿತು.

ಇದೆಲ್ಲ 1974ರ ಜುಲೈನ ಕೊಡುಗೆ. ಗ್ರೀಸಿನ ಸೇನಾಡಳಿತದ ಬೆಂಬಲದಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಐದೇ ದಿನಕ್ಕೆ ತುರ್ಕಿಯ ಸೇನೆ ಬಂದಿಳಿಯಿತು. ಗ್ರೀಕರು ದಕ್ಷಿಣಕ್ಕೆ, ತುರ್ಕರು ಉತ್ತರಕ್ಕೆ ಮನೆಮಠ ಬಿಟ್ಟು ನಡೆದರು. ರಾಜಧಾನಿ ನಿಕೋಸಿಯಾದ ವಿಮಾನ ನಿಲ್ದಾಣ ವಿಶ್ವಸಂಸ್ಥೆಯ ಕಾವಲಿನ ನಡುಪಟ್ಟಿಗೆ ಸಿಕ್ಕಿ ಪಾಳುಬಿತ್ತು. ಹಾರದ ಟ್ರೈಡೆಂಟ್ ವಿಮಾನವೊಂದು ಅಲ್ಲೇ ನಿಂತುಬಿಟ್ಟಿತು. ಉತ್ತರದ ಆಡಳಿತಕ್ಕೆ ತುರ್ಕಿಯೊಂದರದೇ ಮಾನ್ಯತೆ. ಹಾಗಾಗಿ ಅಲ್ಲಿನ ಎರ್ಜಾನ್ ನಿಲ್ದಾಣದಿಂದ ಲಂಡನ್ನಿಗೆ ಹೊರಟವರೂ ಮೊದಲು ತುರ್ಕಿಯಲ್ಲಿ ಇಳಿಯಬೇಕು.

ಕಾಲ್ನಡಿಗೆಗೆ ಮಾತ್ರ ಇಷ್ಟು ರಗಳೆಯಿಲ್ಲ. ನಿಕೋಸಿಯಾದ ಲೆಡ್ರಾ ಬೀದಿ 2008ರಲ್ಲಿ ತೆರೆಯಿತು. ನಾವೂ ಪಾಸ್‌ಪೋರ್ಟ್ ತೋರಿಸಿ ಹತ್ತು ನಿಮಿಷದಲ್ಲಿ ಉತ್ತರಕ್ಕೆ ದಾಟಿದೆವು. ಅಲ್ಲಿ ಕಾಫಿ ಕೊಟ್ಟ ಹಿರಿಯರು ಲಾರ್ನಾಕಾದಲ್ಲಿ ಹುಟ್ಟಿದವರು. (ಅದು ತುರ್ಕಿ ಕಾಫಿ, ದಕ್ಷಿಣದಲ್ಲಿ ಅದನ್ನೇ ಸೈಪ್ರಸ್ ಕಾಫಿ ಎನ್ನಬೇಕು!) 2003ರಲ್ಲಿ ಗಡಿ ತೆರೆದಾಗ ಒಮ್ಮೆ ಹೋಗಿ ತಮ್ಮ ಮನೆಯನ್ನು ಹೊರಗಿನಿಂದ ನೋಡಿ ಬಂದರಂತೆ. ಮತ್ತೆ ಹೋಗಿಲ್ಲ.

"ವಿಮಾನ ಇಳಿಯುವಾಗ ಉಪ್ಪಿನ ಕೆರೆ ಕಂಡಿತೇ? ದಡದಲ್ಲಿ ಹಾಲಾ ಸುಲ್ತಾನ್ ತೆಕ್ಕೆ?" ಎಂದು ಕೇಳಿದರು. ಪ್ರವಾದಿಯವರ ಕಾಲದ ಉಮ್ಮು ಹರಾಮ್ ಅವರ ಸಮಾಧಿ ಅಲ್ಲಿದೆ ಎಂಬುದು ನಂಬಿಕೆ.

ಕಂಡಿತು ಎಂದೆವು.

"ಕೆರೆಯಲ್ಲಿ ನೀರಿತ್ತೇ?"