ಉತ್ತರ ಬಾರದ ಪುಟ

ಪಾಠಶಾಲೆಯಲ್ಲಿ ಕಲಿತ ನ್ಯಾಯಗಳು ಮುಪ್ಪಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುವವೆಂಬದನ್ನು ಮೊದಲೇ ಹೇಳಬರುವದಿಲ್ಲ. ನನಗೆ ಅವು ಒದಗಿದ್ದು ಒಂದು ಜಾಲಪುಟದ ವಿಷಯದಲ್ಲಿ.

ಕಳೆದ ವರ್ಷ ಹುಮನಾಬಾದಿನ ನಮ್ಮ ಮನೆಯಲ್ಲಿ ಕುಳಿತು ಮೊಮ್ಮಗಳ ಪರೀಕ್ಷೆಯ ಶುಲ್ಕವನ್ನು ಮೊಬೈಲಿನಲ್ಲಿ ಕಟ್ಟುತ್ತಿದ್ದೆನು. ಗುಂಡಿಯನ್ನೊತ್ತಿದ ಮೇಲೆ ಚಕ್ರವು ಬಹಳ ಹೊತ್ತು ತಿರುಗಿತು. ಕಡೆಗೆ ಕಾಲ ಮೀರಿತೆಂಬ ಒಂದು ಸಾಲು ಮಾತ್ರ ಕಂಡಿತು. ಹಣವು ಹೋಗಲಿಲ್ಲವೆಂದು ನಿಶ್ಚಯಿಸಿ ಪುನಃ ಒತ್ತಿದೆನು. ಸಂಜೆ ಬ್ಯಾಂಕಿನ ಲೆಕ್ಕ ನೋಡಲಾಗಿ, ಶುಲ್ಕವು ಎರಡು ಸಲ ಸಂದಾಯವಾಗಿದ್ದಿತು. ಒಂದನ್ನು ಹಿಂದಕ್ಕೆ ಪಡೆಯಲು ಎರಡು ತಿಂಗಳು ಅಲೆದೆನು.

ಈ ಗೋಳನ್ನು ಬಸವಕಲ್ಯಾಣದಲ್ಲಿರುವ ಸೋದರಳಿಯನ ಮುಂದೆ ತೋಡಿಕೊಂಡೆನು. ಇಂಥ ಪುಟಗಳನ್ನು ಕಟ್ಟುವದೇ ಅವನ ಉದ್ಯೋಗ. ಅವನು ತಾನು ಕಟ್ಟುತ್ತಿದ್ದ ಪುಟದ ಅಭ್ಯಾಸದ ಪ್ರತಿಯೊಂದನ್ನು ತೆರೆದು, ಅರ್ಜಿಯನ್ನು ಲೆಕ್ಕದಲ್ಲಿ ಬರೆದಾದ ಮೇಲೆ, ಉತ್ತರ ಕೊಡುವ ಮೊದಲು 70 ಸೆಕೆಂಡು ಸುಮ್ಮನಿರಬೇಕೆಂದು ಒಂದು ಸಾಲನ್ನು ಸೇರಿಸಿದನು. ಬಾಗಿಲಲ್ಲಿ ನಿಂತ ಎಂಜಿನ್‌ಎಕ್ಸ್ ಎಂಬ ಸರ್ವರು, ಬೇರೆ ಅಪ್ಪಣೆಯಿಲ್ಲದಿದ್ದರೆ, ಒಳಗಿನ ಉತ್ತರಕ್ಕಾಗಿ 60 ಸೆಕೆಂಡು ಮಾತ್ರ ಕಾಯುವದು. ಅಷ್ಟು ಹೊತ್ತು ಕಳೆದೊಡನೆ ಪುಟದ ಮೇಲೆ 504 ಎಂಬ ಅಂಕೆ ಮೂಡಿತು. ಒಳಗಿನಿಂದ ಸಕಾಲಕ್ಕೆ ಉತ್ತರ ಬರಲಿಲ್ಲವೆಂದು ಅದರ ಅರ್ಥ.

“ಚೆನ್ನಾಗಿದ್ದುದನ್ನು ಕೈಯಾರೆ ಕೆಡಿಸುವೆಯಾ?” ಎಂದು ಗದರಿಸಿದೆನು.

“ಇಲ್ಲಿ ನಾನೇ ಕೆಡಿಸಿ ನೋಡದಿದ್ದರ, ಮಾಮಾ, ನಾಳಿ ನಿಮ್ಮಂಥವರ ಕೈಯಾಗ ಕೆಡ್ತದ” ಎಂದನು.

ನೆಡುವ ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿ ಗಟ್ಟಿಮಾಡುವ ಸ್ಥೂಣಾನಿಖನನ ನ್ಯಾಯವು ನೆನಪಾಗಿ ನಾನು ಸುಮ್ಮನಾದೆನು.

ಬಳಿಕ ಅವನು ಒಳಗಿನ ಲೆಕ್ಕವನ್ನು ತೋರಿಸಿದನು. 504 ಕಂಡ ಆ ಅರ್ಜಿಯು ಅಲ್ಲಿ ಯಥಾವತ್ತಾಗಿ ಬರೆಯಲ್ಪಟ್ಟಿದ್ದಿತು! ಕಲ್ಯಾಣದಿಂದ ಹುಮನಾಬಾದಿಗೆ ಒಬ್ಬನ ಕೈಯಲ್ಲಿ ಹಣ ಕಳುಹಿದೆವೆನ್ನಿರಿ. ಸಂಜೆಯಾದರೂ ಅವನು ತಿರುಗಿ ಬರಲಿಲ್ಲ. ಹೋಗುವಾಗಲೇ ತಡವಾಯಿತೋ, ಹಣ ಮುಟ್ಟಿಸಿ ಬರುವಾಗ ತಡವಾಯಿತೋ, ಇಲ್ಲಿ ಕುಳಿತವನಿಗೆ ತಿಳಿಯದು. ಕಾಣದ ಮಾತ್ರಕ್ಕೆ ಒಂದು ವಸ್ತುವು ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಲ್ಲಿ ಮಾತ್ರ ಕಾಣದಿರುವದು ಪ್ರಮಾಣವಾಗುವದು. ಭಾಟ್ಟ ಮೀಮಾಂಸಕರು ಇದನ್ನೇ ಯೋಗ್ಯಾನುಪಲಬ್ಧಿಯೆಂದರು. ನಾನು ಎರಡನೆಯ ಸಲ ಗುಂಡಿಯನ್ನೊತ್ತಿದ್ದು ಈ ವಿವೇಕವಿಲ್ಲದೆ.

ಅಳಿಯನು ಆ ದಿನವೇ ಎರಡು ತಿದ್ದುಪಡಿಗಳನ್ನು ಮಾಡಿದನು. ಪ್ರತಿಯೊಂದು ಅರ್ಜಿಗೂ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಮತ್ತೆ ಬರೆಯಕೂಡದೆಂದು ವಿಧಿಸಿದನು. ಬರಿಯ ಅಂಕೆಯ ಬದಲು “ಉತ್ತರ ತಡವಾಗಿದೆ, ಅರ್ಜಿ ತಲುಪಿರಬಹುದು, ಸ್ಥಿತಿಯನ್ನು ನೋಡಿರಿ” ಎಂದು ಬರೆದನು. ಅನಂತರ ಅದೇ 70 ಸೆಕೆಂಡುಗಳ ತಡವನ್ನಿಟ್ಟು ಮೊಬೈಲನ್ನು ನನ್ನ ಕೈಗೆ ಕೊಟ್ಟನು. ನಾನು ಬೇಕೆಂದೇ ಎರಡು ಸಲ ಒತ್ತಿದೆನು. ಲೆಕ್ಕದಲ್ಲಿ ಒಂದೇ ಸಾಲು ಬಿದ್ದಿತು.

ಹುಮನಾಬಾದಿಗೆ ಮರಳುವ ಬಸ್ಸಿನಲ್ಲಿ ಬೇರೊಂದು ಯೋಚನೆ ಹತ್ತಿತು. ತರಗತಿಯಲ್ಲಿ ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸುವದರೊಳಗೆ ಉತ್ತರ ಬಾರದಿದ್ದರೆ “ಕೂಡು” ಎಂದು ಮುಂದಿನವನನ್ನು ಎಬ್ಬಿಸುವದು ನನ್ನ ಪದ್ಧತಿಯಾಗಿದ್ದಿತು. ಹಿಂದಿನ ಸಾಲಿನಲ್ಲಿ ತೊದಲುವ ಹುಡುಗನೊಬ್ಬನಿದ್ದನು. ವರ್ಷವಿಡೀ ಅವನನ್ನು ಹಾಗೆಯೇ ಕೂಡಿಸಿದೆನು. ಅವನ ಒಳಗಿನ ಲೆಕ್ಕದಲ್ಲಿ ಉತ್ತರವು ಬರೆಯಲ್ಪಟ್ಟೇ ಇದ್ದಿತೋ ಏನೋ! ಯೋಗ್ಯಾನುಪಲಬ್ಧಿಯ ಲಕ್ಷಣವನ್ನು ಬಾಯಿಪಾಠ ಒಪ್ಪಿಸಿದ ನಾನು ಒಮ್ಮೆಯೂ ನೋಡಲಿಲ್ಲ.